ಫ್ರೀ ಮಾಡಿ ನಲ್ ಹಾಕಿದರೆ ಸಾಕು ಅಂತ ನಂಬಬೇಡಿ

ಸಿ ಭಾಷೆ ಈಗಷ್ಟೇ ಕಲಿಯುತ್ತಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಫ್ರೀ ಅಂದರೆ ತೆಗೆದುಕೊಂಡ ಮೆಮೊರಿ ಜಾಗವನ್ನು ಬಿಡುವುದು, ನಲ್ ಹಾಕುವುದು ಅಂದರೆ ಆ ಜಾಗದ ವಿಳಾಸ ಹಿಡಿದ ಪಾಯಿಂಟರನ್ನು ಖಾಲಿ ಮಾಡುವುದು.

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ನಮ್ಮ ಕಾಕಾನ ದಲಾಲಿ ಅಂಗಡಿ ಇದೆ. ರೈತರ ಹೆಸರು, ಚೀಲ, ತೂಕ ಹಾಕಿದರೆ ಪಟ್ಟಿ ಮುದ್ರಿಸುವ ಸಣ್ಣ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಮೊದಲ ದಿನವೇ ಒಬ್ಬ ಅಜ್ಜ ಪಟ್ಟಿ ಹಿಡಿದು ವಾಪಸ್ ಬಂದರು. "ತಮ್ಮಾ, ತೂಕ ನಂದ ಐತಿ, ಹೆಸರು ಬ್ಯಾರೆಯವರದ ಬಂದೈತಲ್ಲೋ!"

ನೋಡಿದರೆ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದವರ ಹೆಸರು. ಪ್ರೋಗ್ರಾಮ್ ನಿಂತಿರಲಿಲ್ಲ, ಒಂದು ಎರರ್ ಕೂಡ ತೋರಿಸಿರಲಿಲ್ಲ. ನನಗೆ ಹೆದರಿಕೆ ಆಗಿದ್ದೇ ಅದಕ್ಕೆ. ಅಜ್ಜ ಓದದೇ ಹೋಗಿದ್ದರೆ ಅವರ ಹತ್ತಿಯ ದುಡ್ಡು ಯಾರ ಲೆಕ್ಕಕ್ಕೆ ಹೋಗುತ್ತಿತ್ತೋ. ಆ ದಿನದ ಪಟ್ಟಿಗಳನ್ನೆಲ್ಲ ಕಾಕಾ ಮತ್ತು ನಾನು ಕೂತು ಕೈಯಲ್ಲೇ ಬರೆದೆವು.

ತಪ್ಪು ಆಗಿದ್ದು ಹೀಗೆ. ಪ್ರೋಗ್ರಾಮಿನೊಳಗೆ ತೂಕದ ಸಾಲಿನಲ್ಲಿದ್ದ ಸ್ಟ್ರಕ್ಚರನ್ನು (ಒಬ್ಬ ರೈತರ ಹೆಸರು, ಚೀಲ, ತೂಕ ಒಟ್ಟಿಗೆ ಇಡುವ ಕಟ್ಟು) ಪಟ್ಟಿಯ ಸಾಲಿಗೆ ಸುಮ್ನೆ ಸಮ ಚಿಹ್ನೆ ಹಾಕಿ ಕಾಪಿ ಮಾಡಿದ್ದೆ. ತೂಕ ಬರೀ ಅಂಕಿ, ಅದು ಸರಿಯಾಗಿ ಹೋಯಿತು. ಹೆಸರು ಪಾಯಿಂಟರ್, ಅಂದರೆ ಅಕ್ಷರಗಳಿರುವ ಜಾಗದ ವಿಳಾಸ. ಅದರಲ್ಲಿ ಅಕ್ಷರಗಳು ಹೋಗಲಿಲ್ಲ, ವಿಳಾಸ ಮಾತ್ರ ಹೋಯಿತು. ತೂಕ ಮುಗಿದ ಮೇಲೆ ಮೊದಲಿನ ಹೆಸರನ್ನು ಫ್ರೀ ಮಾಡಿ, ಪಾಯಿಂಟರ್‌ಗೆ ನಲ್ ಕೂಡ ಹಾಕಿದ್ದೆ. ಎಲ್ಲರೂ ಹೇಳಿಕೊಡುವುದು ಅದನ್ನೇ ಅಲ್ವಾ? ಆದರೆ ನಲ್ ಆಗುವುದು ಆ ಒಂದು ಪಾಯಿಂಟರ್ ಮಾತ್ರ. ಪಟ್ಟಿಯ ಸಾಲಿನಲ್ಲಿದ್ದ ಕಾಪಿ ಹಳೆಯ ವಿಳಾಸವನ್ನೇ ಹಿಡಿದುಕೊಂಡಿತ್ತು. ಮುಂದಿನ ರೈತರ ಹೆಸರಿಗೆ ಮ್ಯಾಲಕ್ (ಮೆಮೊರಿಯಲ್ಲಿ ಜಾಗ ಕೊಡುವ ಫಂಕ್ಷನ್) ಹತ್ತಿರ ಅಷ್ಟೇ ಅಳತೆಯ ಜಾಗ ಕೇಳಿದಾಗ, ಅದು ಈಗಷ್ಟೇ ಬಿಟ್ಟ ಜಾಗವನ್ನೇ ತೆಗೆದುಕೊಟ್ಟಿತು. ಹಾಗಾಗಿ ಅಜ್ಜನ ಪಟ್ಟಿಯಲ್ಲಿ ಆ ಹೊಸ ಹೆಸರೇ ಬಂತು.

ಮನೆಯಲ್ಲಿ ಇದು ಯಾಕೆ ಸಿಗಲಿಲ್ಲ? ನಾನು ಒಂದೇ ಹೆಸರು ಹಾಕಿ, ಪಟ್ಟಿ ತೆಗೆದು, ಆಮೇಲೆ ಅಳಿಸುತ್ತಿದ್ದೆ. ಅಂಗಡಿಯಲ್ಲಿ ಕೆಲಸದ ಕ್ರಮವೇ ಬೇರೆ, ಪಟ್ಟಿ ತೆಗೆಯುವ ಮೊದಲೇ ಹಳೆಯ ಹೆಸರು ಅಳಿದು ಮುಂದಿನ ರೈತರ ಹೆಸರು ಬಂದಿರುತ್ತಿತ್ತು.

ಈಗ ಹೆಸರಿಗೆ ಬೇರೆ ಜಾಗ ತೆಗೆದುಕೊಂಡು ಅಕ್ಷರಗಳನ್ನೇ ಕಾಪಿ ಮಾಡುತ್ತೇನೆ. ಪ್ರತಿ ಜಾಗಕ್ಕೂ ಒಂದೇ ಕಡೆ, ಒಂದೇ ಸಲ ಫ್ರೀ. ಒಂದೇ ವಿಳಾಸವನ್ನು ಎರಡು ಸಲ ಫ್ರೀ ಮಾಡಿದರೆ ಮೆಮೊರಿಯ ಲೆಕ್ಕವೇ ಕೆಡಬಹುದು. ಜಾಗದ ಅಳತೆ ಬದಲಿಸುವ ರೀ-ಅಲಾಕ್ ಬಳಸುವಾಗಲೂ ಹುಷಾರು, ಅದು ಜಾಗ ಬದಲಿಸಿದರೆ ಹಳೆಯ ವಿಳಾಸ ಹಿಡಿದ ಕಾಪಿಗಳೆಲ್ಲ ಕೆಲಸಕ್ಕೆ ಬಾರವು.

ನಿಮ್ಮ ಪ್ರೋಗ್ರಾಮನ್ನು ಜಿಸಿಸಿ ಕಂಪೈಲರ್‌ನಲ್ಲಿ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿಯ ತಪ್ಪು ಹಿಡಿಯುವ ಸೌಲಭ್ಯ) ಹಾಕಿ ಕಂಪೈಲ್ ಮಾಡಿ. ಮೂರು ನಾಲ್ಕು ಹೆಸರು ಹಾಕಿ, ನಡುವೆ ಒಂದನ್ನು ಅಳಿಸಿ, ಆಮೇಲೆ ಪಟ್ಟಿ ತೆಗೆಯಿರಿ. ಜಾಗವನ್ನು ಎಲ್ಲಿ ತೆಗೆದುಕೊಂಡಿರಿ, ಎಲ್ಲಿ ಬಿಟ್ಟಿರಿ, ಬಿಟ್ಟ ಮೇಲೆ ಎಲ್ಲಿ ಮುಟ್ಟಿದಿರಿ, ಮೂರನ್ನೂ ಅದು ತೋರಿಸುತ್ತದೆ. ನನ್ನ ತಪ್ಪು ಮೊದಲ ಸಲಕ್ಕೇ ಸಿಕ್ಕಿತು.