ಸ್ಟ್ರಾಬೆರಿಗೆ ಏರುಮಡಿಯೋ, ಕುಂಡವೋ, ತೂಗುಬುಟ್ಟಿಯೋ?

ಒಂದೇ ತಳಿಯ ಸ್ಟ್ರಾಬೆರಿಯನ್ನು ಮೂರು ಕಡೆಯೂ ಬೆಳೆಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ: ನೆಲ ಇದ್ದವರು ಏರುಮಡಿಯನ್ನೇ (ನೆಲದಿಂದ ಎತ್ತರಿಸಿದ ಮಣ್ಣಿನ ಮಡಿ) ಮಾಡಿ. ಸ್ಟ್ರಾಬೆರಿಯ ಬೇರು ಬಹುಪಾಲು ಮೇಲಿನ 15–20 ಸೆಂ.ಮೀ. ಮಣ್ಣಿನಲ್ಲೇ ಹರಡುತ್ತದೆ. ಆ ಪದರ ಒಣಗಿದರೆ ಕಾಯಿ ದಪ್ಪವಾಗುವುದಿಲ್ಲ, ನೀರು ನಿಂತರೆ ಬೇರು ಕೊಳೆಯುತ್ತದೆ. ಏರುಮಡಿಯಲ್ಲಿ ಎರಡೂ ಅಪಾಯ ಕಡಿಮೆ.

ಎಲ್ಲಿ ನೆಟ್ಟರೂ ಮೊದಲು ಸುಳಿಯನ್ನು ನೋಡಿ. ಬೇರು ಮುಗಿದು ಎಲೆ ಹೊರಡುವ ಆ ದಪ್ಪ ಬುಡದ ಅರ್ಧ ಭಾಗ ಮಣ್ಣಿನೊಳಗಿರಬೇಕು, ಎಳೆ ಎಲೆ ಮೂಡುವ ತುದಿ ಹೊರಗಿರಬೇಕು. ತುದಿಯನ್ನೂ ಮಣ್ಣಲ್ಲಿ ಹೂತರೆ ಸುಳಿ ಕೊಳೆಯುತ್ತದೆ, ಮೇಲೆ ಬಿಟ್ಟರೆ ಬೇರು ಒಣಗುತ್ತದೆ. ನೆಟ್ಟು ನೀರು ಹಾಕಿದ ಮೇಲೆ ಮಣ್ಣು ಕುಸಿಯುವುದರಿಂದ ಇನ್ನೊಮ್ಮೆ ನೋಡಿ ಸರಿಪಡಿಸಿ. ಸತ್ತ ಸಸಿಗಳಲ್ಲಿ ಹೆಚ್ಚಿನವು ಈ ಒಂದು ತಪ್ಪಿನಿಂದಲೇ ಸಾಯುತ್ತವೆ.

ಏರುಮಡಿ 20–25 ಸೆಂ.ಮೀ. ಎತ್ತರವಿದ್ದರೆ ಸಾಕು. ಸಸಿಯಿಂದ ಸಸಿಗೆ 30, ಸಾಲಿನಿಂದ ಸಾಲಿಗೆ 45 ಸೆಂ.ಮೀ. ಬಿಡಿ. ಮಣ್ಣಿನ ರಸಸಾರ (pH) 5.5ರಿಂದ 6.5 ಇರಲಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಚದರ ಮೀಟರಿಗೆ ಒಂದು ಬಕೆಟ್‌ನಂತೆ ಬೆರೆಸಿ. ಟೊಮೆಟೊ, ಬದನೆ, ಆಲೂಗಡ್ಡೆ ಬೆಳೆದ ಜಾಗ ಬೇಡ, ಸೊರಗು ರೋಗದ ಶಿಲೀಂಧ್ರ ಅಲ್ಲಿನ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದಿರಬಹುದು. ಏರುಮಡಿಯ ನಿಜವಾದ ತೊಂದರೆ ಬಸವನಹುಳು, ಜೊತೆಗೆ ನೆಲಕ್ಕೆ ತಾಗಿದ ಹಣ್ಣಿಗೆ ಹಿಡಿಯುವ ಬೂದು ಬೂಷ್ಟು. ಕಾಯಿ ಕಟ್ಟುವ ಹೊತ್ತಿಗೆ 5 ಸೆಂ.ಮೀ. ಒಣಹುಲ್ಲು ಹಾಸಿ, ಸುಳಿಗೆ ತಾಗಿಸಬೇಡಿ. ಬೂಷ್ಟು ಹಿಡಿದ ಹಣ್ಣನ್ನು ಅಂದೇ ಕಿತ್ತು ದೂರ ಹಾಕಿ.

ಕುಂಡದ ಹಣ್ಣು ಅಂಚಿನಿಂದ ಇಳಿಬಿದ್ದು ಮಣ್ಣು ತಾಗದೆ ಚೊಕ್ಕವಾಗಿರುತ್ತದೆ. 30 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ಕುಂಡಕ್ಕೆ 3 ಸಸಿಗಿಂತ ಹೆಚ್ಚು ಬೇಡ. ಇಲ್ಲಿ ನೀರಿನ ಜೊತೆ ಗೊಬ್ಬರವೂ ಬಸಿದು ಹೋಗುತ್ತದೆ. ಆದ್ದರಿಂದ ಹೂ ಬಂದಾಗಿನಿಂದ 10–14 ದಿನಕ್ಕೊಮ್ಮೆ ಪೊಟ್ಯಾಷ್ ಹೆಚ್ಚಿರುವ ದ್ರವ ಗೊಬ್ಬರ ಕೊಡಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬಂದು ಹೂ ಕಡಿಮೆಯಾಗುತ್ತದೆ. ಎಲೆಯಂಚು ಸುಟ್ಟಂತೆ ಕಂದಾದರೆ ಬರೀ ನೀರನ್ನು ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ, ಕೂಡಿದ ಲವಣ ತೊಳೆದುಹೋಗುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಅದನ್ನು ಬಳಸಿ ಎಂದು ನಾವು ಯಾರಿಗೂ ಹೇಳುವುದಿಲ್ಲ.

ತೂಗುಬುಟ್ಟಿಗೆ ಬಸವನಹುಳುವಿನ ಕಾಟವಿಲ್ಲ, ಅಷ್ಟೇ. ಸುತ್ತಲೂ ಗಾಳಿಯಾಡಿ ಬೇಗ ಒಣಗುವುದರಿಂದ ಬಿಸಿಲುಗಾಲದಲ್ಲಿ ದಿನಕ್ಕೆರಡು ಸಲ ನೀರು ಬೇಕು. ಬುಟ್ಟಿಗೆ ತುಂಬಿದ ತೆಂಗಿನ ನಾರಿನ ಪುಡಿ ಪೂರ್ತಿ ಒಣಗಿದರೆ ಹಾಕಿದ ನೀರು ಬದಿಯಿಂದ ಇಳಿದು ಹೋಗಬಹುದು, ಒಳಗೆ ಸರಿಯಾಗಿ ಸೇರದು. ಆಗ ಬುಟ್ಟಿಯನ್ನೇ ಇಳಿಸಿ ಅರ್ಧ ಗಂಟೆ ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ.

ಮಾಡಿನ ಕೆಳಗೆ ತೂಗುಹಾಕಿದ ಬುಟ್ಟಿಯಲ್ಲಿ ಸೊಟ್ಟ ಕಾಯಿಗಳು ಹೆಚ್ಚು. ಹಣ್ಣಿನ ಮೇಲಿನ ಒಂದೊಂದು ಬೀಜಕ್ಕೂ ಪರಾಗ ಸೇರಬೇಕು, ಸೇರದ ಕಡೆ ತಿರುಳು ಬೆಳೆಯದೆ ಗುಳಿ ಬೀಳುತ್ತದೆ. ಜೇನ್ನೊಣ ಬಾರದಿದ್ದರೆ ಒಣಗಿದ ಮೃದು ಕುಂಚವನ್ನು ಹೂವಿನ ನಡುಭಾಗದ ಸುತ್ತ ಆಡಿಸಿ.

ಮುಂದಿನ ಸಸಿಗಳಿಗೂ ಏರುಮಡಿಯೇ ಅನುಕೂಲ. ಗಟ್ಟಿಮುಟ್ಟಾದ ಗಿಡದ ಹಂಬನ್ನು (ಬುಡದಿಂದ ನೆಲದ ಮೇಲೆ ಹರಿಯುವ ಬಳ್ಳಿಯಂಥ ಕವಲು) ಪಕ್ಕದ ಮಣ್ಣಿಗೆ ತಂತಿಯಿಂದ ಒತ್ತಿಟ್ಟರೆ 4–6 ವಾರದಲ್ಲಿ ಬೇರು ಬಿಡುತ್ತದೆ, ಆಮೇಲೆ ತಾಯಿಗಿಡದಿಂದ ಕತ್ತರಿಸಿ. ಉಳಿದ ಹಂಬುಗಳನ್ನು ಕಂಡಾಗಲೇ ಚಿವುಟಿ, ಇಲ್ಲದಿದ್ದರೆ ಹಣ್ಣಿಗೆ ಹೋಗಬೇಕಾದ ಸತ್ವ ಅವುಗಳ ಪಾಲಾಗುತ್ತದೆ. 3 ವರ್ಷವಾದ ಮೇಲೆ ಹಳೆಯ ಗಿಡ ಕಿತ್ತು, ಹೊಸ ಸಸಿಗಳನ್ನು ಬೇರೆ ಜಾಗದಲ್ಲಿ ನೆಡಿ.