ಲ್ಯಾಡರ್ ಲಾಜಿಕ್ ಕಲಿಯಲು ಸೀಮೆನ್ಸ್ ಲೋಗೋ ಸಾಕೇ?

ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ, ಪ್ರೋಗ್ರಾಂ ಮಾಡಬಲ್ಲ ಸಾಧನ) ಮತ್ತು ಅದಕ್ಕೆ ಏಣಿಯಂಥ ಚಿತ್ರದಲ್ಲಿ ಪ್ರೋಗ್ರಾಂ ಬರೆಯುವ ಲ್ಯಾಡರ್ ಲಾಜಿಕ್ ಕಲಿಕೆಗೆ ಸೀಮೆನ್ಸ್‌ನ ಪುಟ್ಟ ಪಿಎಲ್‌ಸಿ ಲೋಗೋ 8ರ 12/24ಆರ್‌ಸಿಇ ಮಾದರಿ ಒಳ್ಳೆಯ ಆರಂಭ. 8 ಇನ್‌ಪುಟ್ (ಅದರಲ್ಲಿ 4 ಅನಲಾಗ್ ಕೂಡ ಆಗಬಲ್ಲವು, 0–10 ವೋಲ್ಟ್), 4 ರಿಲೇ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಔಟ್‌ಪುಟ್. 24 ವೋಲ್ಟ್ ಡಿಸಿ ಪವರ್ ಸಪ್ಲೈ, ಎರಡು ಪುಶ್ ಬಟನ್, ಒಂದು ಲ್ಯಾಂಪ್ ಇದ್ದರೆ ಅಭ್ಯಾಸ ಶುರು. ಪ್ರೋಗ್ರಾಂ ಇಳಿಸಲು ಮಾಮೂಲಿ ಈಥರ್ನೆಟ್ ಕೇಬಲ್.

ಮೊದಲ ಪಾಠ ಸ್ಟಾರ್ಟ್–ಸ್ಟಾಪ್. ಇನ್‌ಪುಟ್ ಐ1 ಸ್ಟಾರ್ಟ್ ಬಟನ್, ಐ2 ಸ್ಟಾಪ್ ಬಟನ್, ಮೋಟಾರ್ ಓಡಿಸುವ ಔಟ್‌ಪುಟ್ ಕ್ಯೂ1 ಲ್ಯಾಡರ್‌ನಲ್ಲಿ ಕಾಯಿಲ್. ಐ1ಕ್ಕೆ ಪ್ಯಾರಲಲ್ ಆಗಿ ಕ್ಯೂ1 ಕಾಂಟ್ಯಾಕ್ಟ್ ಹಾಕಿದರೆ ಲ್ಯಾಚ್ ಆಗುತ್ತದೆ, ಅಂದರೆ ಸ್ಟಾರ್ಟ್ ಬಿಟ್ಟರೂ ಕ್ಯೂ1 ಆನ್ ಆಗಿಯೇ ಉಳಿಯುತ್ತದೆ. ಹೆಚ್ಚಿನವರು ಎಡವುವುದು ಐ2ರಲ್ಲಿ. ತಂತಿ ಕಡಿದರೂ ಮೋಟಾರ್ ನಿಲ್ಲಬೇಕು, ಹಾಗಾಗಿ ಸ್ಟಾಪ್ ಬಟನ್ ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ, ಒತ್ತಿದಾಗ ತೆರೆಯುವ ಬಗೆ). ಅಂದರೆ ಬಟನ್ ಒತ್ತದಿದ್ದಾಗ ಐ2ರಲ್ಲಿ 1 ಇರುತ್ತದೆ, ಲ್ಯಾಡರ್‌ನಲ್ಲಿ ಎನ್‌ಒ (ಇನ್‌ಪುಟ್ 1 ಆದಾಗ ಮುಚ್ಚುವ) ಕಾಂಟ್ಯಾಕ್ಟೇ ಬರೆಯಬೇಕು. ಅಲ್ಲೂ ಎನ್‌ಸಿ ಬರೆದರೋ, ಸ್ಟಾಪ್ ಒತ್ತಿ ಹಿಡಿದಾಗ ಮಾತ್ರ ಮೋಟಾರ್ ಓಡುವ ವಿಚಿತ್ರ ಯಂತ್ರ ತಯಾರು! ಲೋಗೋಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಲೋಗೋ ಸಾಫ್ಟ್ ಕಂಫರ್ಟ್‌ನಲ್ಲಿ ಎಫ್3 ಒತ್ತಿ ಸಿಮ್ಯುಲೇಶನ್ ಓಡಿಸಿದರೆ ಈ ತಪ್ಪು ವೈರಿಂಗ್‌ಗೆ ಮೊದಲೇ ಕಣ್ಣಿಗೆ ಬೀಳುತ್ತದೆ. ಆ ಸಿಮ್ಯುಲೇಶನ್‌ನಲ್ಲಿ ಐ2ನ್ನು ಎನ್‌ಸಿ ಬಟನ್ ಎಂದು ಸೆಟ್ ಮಾಡಲು ಮರೆಯಬೇಡಿ.

ರಿಲೇ 10 ಆಂಪಿಯರ್ ಎಂದಿರುವುದು ಹೀಟರ್‌ನಂಥ ರೆಸಿಸ್ಟಿವ್ ಲೋಡ್‌ಗೆ. ಸುರುಳಿ ಇರುವ ಇಂಡಕ್ಟಿವ್ ಲೋಡ್‌ಗೆ 3 ಆಂಪಿಯರ್ ಮಾತ್ರ, ಮೋಟಾರ್‌ಗೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ದೊಡ್ಡ ರಿಲೇ) ಬೇಕೇ ಬೇಕು. ಎಮರ್ಜೆನ್ಸಿ ಸ್ಟಾಪನ್ನಂತೂ ಪ್ರೋಗ್ರಾಂಗೆ ಬಿಡಬೇಡಿ.

ಕೊರತೆಯೂ ಇದೆ: ದೊಡ್ಡ ಪಿಎಲ್‌ಸಿಗಳ ಸ್ಟ್ರಕ್ಚರ್ಡ್ ಟೆಕ್ಸ್ಟ್ (ಅಕ್ಷರಗಳಲ್ಲಿ ಬರೆಯುವ ಪ್ರೋಗ್ರಾಂ ಭಾಷೆ), ಡೇಟಾ ಬ್ಲಾಕ್ (ಪ್ರೋಗ್ರಾಂನ ಮಾಹಿತಿ ಇಡುವ ಜಾಗ) ಇದರಲ್ಲಿ ಕಲಿಯಲಾಗದು.