ಒಂದೇ ಪಿಸ್ತೂಲು, ಎರಡು ಹೋಲ್‌ಸ್ಟರ್: ದೊಡ್ಡಿಗೊಂದು, ಪೇಟೆಗೊಂದು

ನಾನು ದನದ ಡಾಕ್ಟರು. ಹೆಬ್ಬಾಳದಲ್ಲಿ ಓದಿದವಳು, ಈಗ ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ ದನ, ಮೇಕೆ, ಕುದುರೆ ನೋಡಿಕೊಂಡಿದ್ದೇನೆ. ಟ್ರಕ್ಕಿನಲ್ಲಿ ಕೆಟಮೀನ್, ಪೆಂಟೊಬಾರ್ಬಿಟಾಲ್ ಥರದ ಅಮಲಿನ ಔಷಧಿಗಳಿರುತ್ತವೆ, ಅವುಗಳ ಮೇಲೆ ಕಳ್ಳರ ಕಣ್ಣು. ರಾತ್ರಿ ಕರೆ ಬಂದರೆ ಫೋನಿಗೆ ಸಿಗ್ನಲ್ ಸಿಗದ ಕೌಂಟಿ ರಸ್ತೆಗಳಲ್ಲಿ ಒಬ್ಬಳೇ ಹೋಗಬೇಕು. ಹಾಗಾಗಿ ಸೊಂಟದಲ್ಲಿ ಗ್ಲಾಕ್ 19 ಪಿಸ್ತೂಲು ಇರುತ್ತದೆ. ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಇಟ್ಟುಕೊಳ್ಳುವುದಾದರೆ ನಾಲ್ಕು ಜನಕ್ಕೆ ಕಾಣುವಂತೆಯೋ, ಅಂಗಿಯ ಒಳಗೋ? ಎರಡಕ್ಕೂ ಒಂದೊಂದು ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಕೊಂಡು ದಿನವೂ ಬಳಸುತ್ತಿದ್ದೇನೆ, ಅವುಗಳ ವಿಮರ್ಶೆ ಇದು.

ಶುರು ಮಾಡುವ ಮುಂಚೆ ಇಲ್ಲಿರುವ ನಮ್ಮ ಹುಡುಗರಿಗೆ ಒಂದು ಮಾತು. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ, ಅದು ಫೆಡರಲ್ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳುಂಟು, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ. ಗ್ರೀನ್ ಕಾರ್ಡ್ ಬಂದವರಿಗೆ ಈ ಅಡ್ಡಿ ಇಲ್ಲ. ಟೆಕ್ಸಸ್‌ನಲ್ಲಿ ಯಾರು ಬೇಕಾದರೂ ಇಟ್ಟುಕೊಳ್ಳಬಹುದಂತೆ ಎಂದು ಯಾರೋ ಪಾರ್ಟಿಯಲ್ಲಿ ಹೇಳಿದ್ದನ್ನು ಕೇಳಿ ಅಂಗಡಿಗೆ ಹೋದರೆ ವೀಸಾಕ್ಕೇ ಕುತ್ತು.

ಮೊದಲು ಹೊರಗೆ ಕಾಣುವಂಥದ್ದು. ನಾನು ಕೊಂಡದ್ದು ಸಫಾರಿಲ್ಯಾಂಡ್ ಕಂಪನಿಯ 6378, ಅವರ ಎಎಲ್‌ಎಸ್ ಬೀಗ ಇರುವುದು. 60 ಡಾಲರ್ ಆಸುಪಾಸು ಕೊಟ್ಟಿದ್ದೆ. ಪಿಸ್ತೂಲನ್ನು ಒಳಗೆ ತಳ್ಳಿದರೆ ಟಕ್ ಎಂದು ತಾನೇ ಬೀಗ ಬೀಳುತ್ತದೆ. ಖಾಲಿ ತೋಟೆ ಹೊರಕ್ಕೆ ಬೀಳುವ ಕಿಂಡಿ ಇದೆಯಲ್ಲ, ಒಳಗಿನ ಕೊಂಡಿ ಅದನ್ನು ಕಚ್ಚಿಕೊಳ್ಳುತ್ತದೆ. ಹಿಡಿಗೆ ಕೈಹಾಕಿದಾಗ ಹೆಬ್ಬೆರಳು ಎಲ್ಲಿ ಬಂದು ಕೂರುತ್ತದೋ ಅಲ್ಲೇ ಒಂದು ಪುಟ್ಟ ಲಿವರ್. ಅದನ್ನು ಹಿಂದಕ್ಕೆ ಒತ್ತಿ ಎಳೆದರೆ ಪಿಸ್ತೂಲು ಮೇಲೆ ಬರುತ್ತದೆ, ಒತ್ತದೆ ಎಳೆದರೆ ಸೊಂಟವೇ ಎದ್ದು ಬರಬೇಕು. ತೋರುಬೆರಳಿಗೆ ಇದರಲ್ಲಿ ಕೆಲಸವೇ ಇಲ್ಲ, ಅದು ಟ್ರಿಗರಿನಿಂದ ದೂರ, ಹೋಲ್‌ಸ್ಟರಿನ ಮೈಮೇಲೆ ನೇರವಾಗಿ ಮಲಗಿರುತ್ತದೆ. ಗ್ಲಾಕಿಗೆ ಕೈಯಿಂದ ಹಾಕಿ ತೆಗೆಯುವ ಸೇಫ್ಟಿ ಇಲ್ಲದ ಕಾರಣ ನನಗೆ ಈ ಅಂಶವೇ ಎಲ್ಲಕ್ಕಿಂತ ದೊಡ್ಡದು.

ಇದರ ನಿಜವಾದ ಪರೀಕ್ಷೆ ಗಬ್ಬ ನೋಡುವಾಗ. ಹಸುವನ್ನು ಅಲ್ಲಾಡದಂತೆ ಹಿಡಿಯುವ ಕಬ್ಬಿಣದ ಚ್ಯೂಟ್‌ನ ಹಿಂಬದಿಯಲ್ಲಿ ನಿಂತು, ಎಡಗೈಗೆ ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್ ಹಾಕಿ ಒಳಗೆ ತೂರಿಸಿರುತ್ತೇನೆ. ಬಲಸೊಂಟ ಪೈಪಿಗೆ ಒತ್ತಿಕೊಂಡಿರುತ್ತದೆ. ಹಸು ಒಮ್ಮೆ ಪಕ್ಕಕ್ಕೆ ವಾಲಿದರೆ ಪಿಸ್ತೂಲಿನ ಹಿಡಿ ಪೈಪಿನ ಕೆಳಗೆ ಸಿಕ್ಕಿ ಮೇಲಕ್ಕೆ ಮೀಟಿದ ಹಾಗಾಗುತ್ತದೆ. ಇದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು ಬರೀ ಬಿಗಿತದ ಮೇಲೆ ನಿಲ್ಲುವ ಅಗ್ಗದ ಹೋಲ್‌ಸ್ಟರ್. ಅದರ ಬೀಗವೆಂದರೆ ಎರಡು ಸ್ಕ್ರೂ, ಅಷ್ಟೇ. ಟ್ರಕ್ಕಿನ ಕುಲುಕಾಟಕ್ಕೆ ಅವು ಸಡಿಲವಾಗಿ, ಒಂದು ದಿನ ಹೋರಿಯೊಂದು ಒದ್ದಾಡಿದ ಹೊತ್ತಿನಲ್ಲಿ ಪಿಸ್ತೂಲು ಅರ್ಧ ಹೊರಬಂದು ವಾಲಿಕೊಂಡಿತ್ತು. ದೊಡ್ಡಿಯ ಮಾಲೀಕ ಮುದುಕ ಮೆಲ್ಲಗೆ, ‘ಡಾಕ್, ನಿಮ್ಮ ಸೊಂಟ ನೋಡಿಕೊಳ್ಳಿ’ ಅಂದ. ಸಗಣಿ ಮೆತ್ತಿದ ಕೈ, ತುಂಬಿದ ಪಿಸ್ತೂಲು, ಕಾಲ ಕೆಳಗೆ ಕಾಂಕ್ರೀಟು. ತಯಾರಿಸಿದವರಿಗೆ ಬರೆದು ಕೇಳಿದರೆ ಉತ್ತರ ಬರಲಿಲ್ಲ. ಸಫಾರಿಲ್ಯಾಂಡಿನದ್ದು ಅದೇ ಚ್ಯೂಟ್‌ನಲ್ಲಿ ಎಷ್ಟು ಗುದ್ದು ತಿಂದರೂ ಕೂತ ಜಾಗದಿಂದ ಕದಲಿಲ್ಲ. ಸುಣ್ಣಕಲ್ಲಿನ ಬಿಳಿ ಧೂಳು ತುಂಬಿದಾಗ ಲಿವರ್ ಸ್ವಲ್ಪ ಕರಕರ ಅನ್ನುತ್ತದೆ, ಪಿಸ್ತೂಲು ತೆಗೆದಿಟ್ಟು ಗಾಳಿ ಊದಿದರೆ ಸರಿಹೋಗುತ್ತದೆ.

ಈ ಬಿಗಿತಕ್ಕೆ ಲೆವೆಲ್ ಎಂಬ ಲೆಕ್ಕ ಇದೆ. ಅದನ್ನು ರೂಪಿಸಿದ್ದು ಎಫ್‌ಬಿಐನಲ್ಲಿದ್ದ ಬಿಲ್ ರೋಜರ್ಸ್. ಬೇರೆಯವರು ಹಿಡಿಗೆ ಕೈಹಾಕಿ 5 ಸೆಕೆಂಡ್ ಬಲವಾಗಿ ಎಳೆದರೂ ಪಿಸ್ತೂಲು ಬರಬಾರದು, ಅದು ಲೆವೆಲ್ 1. ಮೊದಲ ಬೀಗ ತೆರೆದ ಮೇಲೂ ಹಾಗೆಯೇ ತಡೆದರೆ ಲೆವೆಲ್ 2. ನನ್ನದು ಲೆವೆಲ್ 1. ಜನಸಂದಣಿಯಲ್ಲಿ ದಿನವಿಡೀ ಕಾಣುವಂತೆ ಇಟ್ಟುಕೊಳ್ಳುವ ಪೊಲೀಸರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುತ್ತದೆ. ಅಂಗಡಿಯಲ್ಲಿ ಕಾಣುವ ಸಾಮಾನ್ಯ ಜನರ ಸೊಂಟದಲ್ಲಿ ಎಷ್ಟೋ ಸಲ ಆ ಒಂದನೆಯ ಬೀಗವೂ ಇರುವುದಿಲ್ಲ.

ದೊಡ್ಡಿಯಲ್ಲಿ ಹೊರಗೇ ಇರಲಿ ಅನ್ನಲು ಕಾರಣ ಸರಳ. ಅಲ್ಲಿ ಎಲ್ಲರೂ ಗುರುತಿನವರು. ಪೊದೆಯಿಂದ ಕಾಡುಹಂದಿ ನುಗ್ಗುವುದುಂಟು, ಹುಲ್ಲಿನ ಪಿಂಡಿಯ ಕೆಳಗೆ ಬಾಲದಲ್ಲಿ ಗಿಲಕಿ ಇರುವ ವಿಷದ ಹಾವು ಸುತ್ತಿಕೊಂಡಿರುವುದುಂಟು. ಬಗ್ಗಿ ಎದ್ದು ಮೊಣಕಾಲೂರುವ ಕೆಲಸದಲ್ಲಿ ಹೊಟ್ಟೆಯ ಮುಂದೆ ಪ್ಲಾಸ್ಟಿಕ್ಕಿನ ಗಟ್ಟಿ ತುಂಡು ಒತ್ತುತ್ತಿದ್ದರೆ ಕೈ ಓಡುವುದಿಲ್ಲ. ಅದರ ಮೇಲೆ ಜುಲೈ ತಿಂಗಳ ಬಿಸಿಲಲ್ಲಿ ಒಳಗೆ ಸಿಕ್ಕಿಸಿದ್ದು ಬೆವರಿಗೆ ಚರ್ಮ ಉಜ್ಜಿ ಕೆಂಪಗೆ ಮಾಡಿಬಿಡುತ್ತದೆ.

ಪೇಟೆಗೆ ಕಾಲಿಟ್ಟರೆ ಮಾತೇ ಬೇರೆ.

ಟೆಕ್ಸಸ್ ಅಂದರೆ ಎಲ್ಲರೂ ಸೊಂಟದಲ್ಲಿ ಪಿಸ್ತೂಲು ನೇತುಹಾಕಿಕೊಂಡು ತಿರುಗುತ್ತಿದ್ದ ನಾಡು ಎಂದು ನಾನೂ ಊರಲ್ಲಿ ಕೇಳಿಕೊಂಡು ಬೆಳೆದವಳೇ. ಆದರೆ 1871ರಲ್ಲೇ ಇಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವುದನ್ನು ಕಾನೂನು ಮಾಡಿ ತಡೆದಿದ್ದರು. ಜಾರ್ಜ್ ಡಬ್ಲ್ಯು. ಬುಷ್ ಗವರ್ನರ್ ಆಗಿದ್ದಾಗ, 1995ರಲ್ಲಿ, ಲೈಸೆನ್ಸ್ ಪಡೆದು ಮರೆಯಾಗಿ ಇಟ್ಟುಕೊಳ್ಳಲು ಅವಕಾಶವಾಯಿತು. ಲೈಸೆನ್ಸ್ ಇದ್ದವರು ಕಾಣುವಂತೆ ಇಟ್ಟುಕೊಳ್ಳಬಹುದು ಎಂದಾದದ್ದು 2016ರ ಜನವರಿ 1ರಿಂದ. 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದ, ಬೇರೆ ನಿಷೇಧವಿಲ್ಲದ ಯಾರೇ ಆದರೂ ಲೈಸೆನ್ಸ್ ಇಲ್ಲದೆಯೂ ಇಟ್ಟುಕೊಳ್ಳಬಹುದು, ಕಾಣುವಂತಿದ್ದರೆ ಹೋಲ್‌ಸ್ಟರಿನಲ್ಲಿರಬೇಕು. ನಾನು ಮಾತ್ರ ಲೈಸೆನ್ಸ್ ಬಿಟ್ಟಿಲ್ಲ. ಶುಲ್ಕ 40 ಡಾಲರ್, ಜೊತೆಗೆ 4ರಿಂದ 6 ಗಂಟೆಯ ತರಗತಿ. ಆಮೇಲೆ 3, 7, 15 ಗಜ ದೂರದಿಂದ 50 ಗುಂಡು ಹಾರಿಸಿ 250ಕ್ಕೆ 175 ಅಂಕ ತೆಗೆಯಬೇಕು. ಶಾಲೆಯ ಸುತ್ತ 1000 ಅಡಿಯೊಳಗಿನ ಫೆಡರಲ್ ನಿಷೇಧದಿಂದ ವಿನಾಯಿತಿ ಸಿಗುವುದು ರಾಜ್ಯದ ಲೈಸೆನ್ಸ್ ಇದ್ದವರಿಗೆ. ನನ್ನ ಕ್ಲಿನಿಕ್ಕಿನಿಂದ ಊರಾಚೆ ಹೋಗುವ ದಾರಿಯಲ್ಲೇ ಎರಡು ಶಾಲೆ.

ಇನ್ನು ಅಂಗಡಿ ಬಾಗಿಲ ಮೇಲಿನ ಫಲಕಗಳು, ಅವುಗಳ ನಂಬರು ಟೆಕ್ಸಸ್ ದಂಡಸಂಹಿತೆಯ ಕಲಮಿನದು. 30.06 ಅಂದರೆ ಲೈಸೆನ್ಸ್ ಇದ್ದರೂ ಮರೆಯಾಗಿ ತರಬೇಡಿ, 30.07 ಅಂದರೆ ಕಾಣುವಂತೆ ತರಬೇಡಿ. ಇಂಗ್ಲಿಷಿನಲ್ಲೂ ಸ್ಪ್ಯಾನಿಷ್‌ನಲ್ಲೂ ಒಂದಂಗುಲ ಎತ್ತರದ ಅಕ್ಷರದಲ್ಲಿರುತ್ತವೆ. ಲೈಸೆನ್ಸ್ ಇಲ್ಲದವರಿಗೆ 30.05. ಕೆಂಪು 51% ಕಂಡರೆ ಅದು ಬಾರು, ಅಲ್ಲಿಗೆ ಯಾವ ರೀತಿಯಲ್ಲೂ ಇಲ್ಲ. 30.07 ಒಂದನ್ನೇ ಹಾಕಿಕೊಂಡ ಅಂಗಡಿಗಳು ನನ್ನ ದಿನದ ದಾರಿಯಲ್ಲಿ ಬೇಕಾದಷ್ಟಿವೆ. ವಾಲ್‌ಮಾರ್ಟಿನವರು ಎಲ್ ಪಾಸೊದ ಅವರ ಅಂಗಡಿಯಲ್ಲಿ 2019ರ ಆಗಸ್ಟ್ 3ರಂದು 23 ಜನರನ್ನು ಬಲಿತೆಗೆದುಕೊಂಡ ಗುಂಡಿನ ದಾಳಿಯಾದ ಮೇಲೆ, ದಯವಿಟ್ಟು ಕಾಣುವಂತೆ ತರಬೇಡಿ ಎಂದು ಗ್ರಾಹಕರನ್ನು ಕೇಳಿಕೊಂಡರು. ಹೊರಗೆ ಕಟ್ಟಿಕೊಂಡವರು ಇಂಥ ಪ್ರತಿ ಬಾಗಿಲಲ್ಲೂ ನಿಂತು ಪಿಸ್ತೂಲು ಬಿಚ್ಚಬೇಕು, ಮತ್ತೆ ಬಂದು ಕಟ್ಟಬೇಕು. ಕಾರಿನ ಇಕ್ಕಟ್ಟಿನಲ್ಲಿ ತುಂಬಿದ ಪಿಸ್ತೂಲಿಗೆ ಹಾಗೆ ಮೇಲಿಂದ ಮೇಲೆ ಕೈಹಾಕುವುದೇ ದಿನದ ಅತ್ಯಂತ ಅಪಾಯದ ಕೆಲಸ. 6378ರಲ್ಲಿ ಪ್ಯಾಡಲ್, ಅಂದರೆ ಪ್ಯಾಂಟಿನ ಒಳಗೆ ಇಳಿಸುವ ಅಗಲವಾದ ಪಟ್ಟಿ, ಇರುವುದರಿಂದ ಬೀಗ ತೆಗೆಯದೆ ಹೋಲ್‌ಸ್ಟರ್ ಸಮೇತ ಸೊಂಟದಿಂದ ಕಿತ್ತು, ಸೀಟಿನ ಕಾಲಿಗೆ ಕೇಬಲ್ ಹಾಕಿ ಕಟ್ಟಿದ ಪೆಟ್ಟಿಗೆಯಲ್ಲಿಡಬಹುದು. ಟ್ರಿಗರ್ ಮುಚ್ಚಿಯೇ ಇರುತ್ತದೆ. ಈ ಒಂದು ಗುಣಕ್ಕೇ ನಾನು ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಫಲಕವೇ ಇಲ್ಲದ ಕಡೆಯೂ ನಾನು ಕಾಣುವಂತೆ ಒಯ್ಯುವುದಿಲ್ಲ. ದಿನಸಿ ಅಂಗಡಿಯ ಸಾಲಿನಲ್ಲಿ ಒಬ್ಬಾತ ನನ್ನ ಮುಂದೆ ನಿಂತಿದ್ದ. ಬೀಗವಿಲ್ಲದ ಹೋಲ್‌ಸ್ಟರ್, ಎರಡೂ ಕೈ ಸಾಮಾನು ಎತ್ತಿಡುವುದರಲ್ಲಿ. ಅವನ ಹಿಂದೆ ತಾಯಿಯ ಜೊತೆ ನಿಂತಿದ್ದ ಮಗುವಿನ ಕಣ್ಣಿನ ಮಟ್ಟಕ್ಕೇ ಆ ಹಿಡಿ ಬರುತ್ತಿತ್ತು. ಮಗು ನೋಡುತ್ತಿದ್ದದ್ದು ಅದನ್ನೇ. ತಾಯಿ ಏನೂ ಹೇಳದೆ ಮಗುವನ್ನು ತನ್ನ ಇನ್ನೊಂದು ಪಕ್ಕಕ್ಕೆ ಎಳೆದುಕೊಂಡಳು, ಆಮೇಲೆ ಗಾಡಿಯನ್ನೇ ಬೇರೆ ಸಾಲಿಗೆ ತಿರುಗಿಸಿದಳು. ಆತ ಕಾನೂನು ಮುರಿದಿರಲಿಲ್ಲ. ಬೆದರಿಸಲೆಂದೇ ತೋರಿಸಿದರೆ ಅಪರಾಧ, ಸುಮ್ಮನೆ ಹೋಲ್‌ಸ್ಟರಿನಲ್ಲಿದ್ದರೆ ಅಲ್ಲ. ಆದರೂ ಅವನ ಧೈರ್ಯಕ್ಕೆ ಅಲ್ಲಿದ್ದ ಅಷ್ಟೂ ಜನ ಅವನ ಕೈ ಎತ್ತ ಹೋಗುತ್ತದೆ ಎಂದು ಕಾಯುತ್ತ ನಿಲ್ಲಬೇಕಾಯಿತು. ನನ್ನ ರಕ್ಷಣೆಯ ಹೊರೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ಇನ್ನೊಂದನ್ನು ಬಿಚ್ಚಿಯೇ ಹೇಳುತ್ತೇನೆ. ಬಿಳಿಯ ದನಗಾರ ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡು ಬಂದರೆ ಜನ ಅವನ ಹ್ಯಾಟ್ ನೋಡುತ್ತಾರೆ. ಕಂದುಬಣ್ಣದ ಹೆಂಗಸು, ಮಾತಿನಲ್ಲಿ ಬೇರೆ ನಾಡಿನ ವಾಸನೆ ಇರುವ ನಾನು ಹಾಗೆ ಬಂದರೆ ಪಿಸ್ತೂಲನ್ನೇ ನೋಡುತ್ತಾರೆ. ಇದು ನ್ಯಾಯವಲ್ಲ, ನನಗೆ ನೋವೂ ಇದೆ. ಆದರೆ ಬೆಲ್ಟಿಗೆ ಏನು ಸಿಕ್ಕಿಸಬೇಕು ಎಂದು ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಗುವುದಿಲ್ಲ. ಪೊಲೀಸರು ಗಾಡಿ ನಿಲ್ಲಿಸಿ ಗುರುತಿನ ಚೀಟಿ ಕೇಳಿದರೆ ಡ್ರೈವಿಂಗ್ ಲೈಸೆನ್ಸಿನ ಜೊತೆ ಪಿಸ್ತೂಲಿನ ಲೈಸೆನ್ಸನ್ನೂ ಕೊಡಬೇಕು. ಎರಡು ಕೈಯೂ ಸ್ಟೀರಿಂಗ್ ಮೇಲೆ, ಮೊದಲು ಬಾಯಲ್ಲಿ ಹೇಳಿ, ಆಮೇಲೆ ಚೀಲಕ್ಕೆ ಕೈ.

ಒಳಗಿನದಕ್ಕೆ ಬರೋಣ. ಇದು ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಹೊಟ್ಟೆಯ ಮುಂಭಾಗದಲ್ಲಿ ಪ್ಯಾಂಟಿನ ಒಳಗೆ ಕೂರುತ್ತದೆ. ಸಣ್ಣ ಕಾರ್ಖಾನೆಯೊಂದು ಆರ್ಡರಿನ ಮೇಲೆ ಮಾಡಿಕೊಟ್ಟದ್ದು, ಹೊರಗಿನದಕ್ಕಿಂತ ಬೆಲೆ ಹೆಚ್ಚು. ಬೆಲ್ಟಿನ ಹಿಂದೆ ಒತ್ತಿ ನಿಲ್ಲುವ ರೆಕ್ಕೆಯಂಥ ತುಂಡೊಂದಿದೆ, ಎಲ್ಲರೂ ಕ್ಲಾ ಅನ್ನುತ್ತಾರೆ. ಅದು ಹಿಡಿಯನ್ನು ಮೈಯ ಕಡೆಗೆ ತಿರುಗಿಸಿ ಒತ್ತುತ್ತದೆ. ಅದನ್ನು ಬಿಚ್ಚಿಟ್ಟು ಹಾಕಿಕೊಂಡರೆ ಸಡಿಲವಾದ ಶರ್ಟಿನ ಮೇಲೂ ಹಿಡಿಯ ಮೂಲೆ ಎದ್ದು ಕಾಣುತ್ತದೆ, ಹಾಕಿದರೆ ತೆಳು ಕಾಟನ್ ಕುರ್ತಾದ ಕೆಳಗೂ ಕಾಣುವುದಿಲ್ಲ. ತುದಿಯಲ್ಲಿ ಅಂಟಿಸುವ ಸ್ಪಂಜಿನ ತುಂಡು ಪಿಸ್ತೂಲಿನ ಬಾಯಿಯನ್ನು ಮೈಯಿಂದ ಆಚೆಗೆ ತಳ್ಳುತ್ತದೆ. ಹೆಂಗಸರ ಸೊಂಟದ ತಿರುವಿಗೆ ಇದು ಬೇಕೇಬೇಕು, ಆದರೂ ಕಾರ್ಖಾನೆಯವರು ಕೊಡಲಿಲ್ಲ, ನಾನೇ ಕೊಂಡು ಅಂಟಿಸಿಕೊಂಡೆ. ಸ್ಕ್ರೂಗಳು ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಹಾಕಿರಲಿಲ್ಲ, ಅದನ್ನೂ ನಾನೇ ಹಾಕಿದೆ. ಇಷ್ಟು ಬೆಲೆಗೆ ಇವೆರಡೂ ಅವರ ಕೆಲಸವೇ ಆಗಬೇಕಿತ್ತು.

ಇದರ ದೊಡ್ಡ ತೊಂದರೆ ಪಿಸ್ತೂಲನ್ನು ವಾಪಸ್ ಇಡುವಾಗ. ಬಾಯಿ ನೇರ ತೊಡೆಯ ಕಡೆಗೆ, ಅಲ್ಲೇ ದೊಡ್ಡ ರಕ್ತನಾಳ. ಶರ್ಟಿನ ಅಂಚು, ಜಾಕೆಟ್ಟಿನ ದಾರ, ಯಾವುದಾದರೂ ಟ್ರಿಗರಿನ ಬಳಿ ಸಿಕ್ಕಿದರೆ ಮುಗಿಯಿತು. ನಾನು ಸೊಂಟಕ್ಕೆ ಹಾಕಿಕೊಂಡ ಮೇಲೆ ಪಿಸ್ತೂಲನ್ನು ಒಳಗೆ ಇಳಿಸುವುದೇ ಇಲ್ಲ. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮರಳು ತುಂಬಿದ ಬಕೆಟ್ ಇದೆ, ಅದರ ಕಡೆಗೆ ಬಾಯಿ ಮಾಡಿ ಮೊದಲು ಪಿಸ್ತೂಲನ್ನು ಹೋಲ್‌ಸ್ಟರಿಗೆ ಹಾಕಿ, ಆಮೇಲೆ ಹೋಲ್‌ಸ್ಟರನ್ನೇ ಪ್ಯಾಂಟಿಗೆ ಸಿಕ್ಕಿಸಿಕೊಳ್ಳುತ್ತೇನೆ. ಹೊರಗಿನದರಿಂದ ಒಳಗಿನದಕ್ಕೆ ಬದಲಾಯಿಸುವುದೂ ಅಲ್ಲೇ, ಪಾರ್ಕಿಂಗ್ ಜಾಗದಲ್ಲಿ ಎಂದಿಗೂ ಅಲ್ಲ. ಸಾರ್ವಜನಿಕ ಶೌಚಾಲಯದ ಪ್ರಶ್ನೆಯನ್ನು ಗೆಳತಿಯರು ಕೇಳುತ್ತಿರುತ್ತಾರೆ. ಬೆಲ್ಟ್ ಬಿಗಿ ಇಟ್ಟು ಮೊಣಕಾಲಿನ ಮಟ್ಟದಲ್ಲಿ ಪ್ಯಾಂಟಿನೊಳಗೇ ಹಿಡಿದುಕೊಳ್ಳಿ. ಕೊಕ್ಕೆಗೂ ನೇತುಹಾಕಬೇಡಿ, ಟಿಶ್ಯೂ ಪೆಟ್ಟಿಗೆಯ ಮೇಲೂ ಇಡಬೇಡಿ.

ಸೀರೆ ಉಟ್ಟ ದಿನ ಇವೆರಡರಲ್ಲಿ ಯಾವುದೂ ನಡೆಯುವುದಿಲ್ಲ. ಅಂದು ಪಿಸ್ತೂಲು ಮನೆಯ ತಿಜೋರಿಯಲ್ಲಿ. 17 ತುಂಬದ ಮಕ್ಕಳ ಕೈಗೆ ಸಿಗುವಂತಿಟ್ಟರೆ ಇಲ್ಲಿ ಅಪರಾಧ, ನನ್ನ ಮಗಳಿಗೆ ಇನ್ನೂ ಹನ್ನೊಂದು. ಕೈಚೀಲದಲ್ಲಿ ಹಾಕಿಕೊಂಡು ಹೋಗುವ ಸಲಹೆಯನ್ನು ಬಹಳ ಜನ ಕೊಡುತ್ತಾರೆ. ಕೈಚೀಲವನ್ನು ಕುರ್ಚಿಗೆ ನೇತುಹಾಕಿ ಮರೆತುಬರುವುದು ಯಾರಿಗೂ ಹೊಸದಲ್ಲ, ಹಾಗಾಗಿ ನಾನದನ್ನು ಒಪ್ಪುವುದಿಲ್ಲ.

ಕೊಳ್ಳುವವರು ಪಿಸ್ತೂಲಿನ ಮಾಡೆಲ್ ನಂಬರ್ ಸರಿಯಾಗಿ ನೋಡಿ ಆರ್ಡರ್ ಮಾಡಿ. ಮುಂದೆ ಟಾರ್ಚ್ ಇದ್ದರೆ ಆ ಟಾರ್ಚಿಗೆಂದೇ ಮಾಡಿದ್ದು ಬೇಕು, ಮೇಲೆ ಗುರಿಗೆ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟ್ ಇದ್ದರೆ ಅದಕ್ಕೆ ಜಾಗ ಬಿಟ್ಟದ್ದು. ಎಡಗೈಯವರಿಗೆ ಬೇರೆ. ಎರಡಕ್ಕೂ ಬಾಗದ ಗಟ್ಟಿ ಬೆಲ್ಟ್ ಬೇಕು, ಸಾಮಾನ್ಯ ಜೀನ್ಸ್ ಬೆಲ್ಟಿನ ಮೇಲೆ ಯಾವ ಹೋಲ್‌ಸ್ಟರೂ ನೆಟ್ಟಗೆ ನಿಲ್ಲುವುದಿಲ್ಲ. ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದು, ದೊಡ್ಡಿ ಹೊಲಗಳ ಕೆಲಸ ನಿಮ್ಮದಲ್ಲವಾದರೆ, ಒಳಗಿನದನ್ನೇ ಕೊಳ್ಳಿ. ಮನೆಗೆ ಬಂದ ಮೇಲೆ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಪಿಸ್ತೂಲಿನಲ್ಲಿ, ನೀವು ದಿನಾ ಹಾಕುವ ಅದೇ ಬಟ್ಟೆಯಲ್ಲಿ ತೆಗೆದು ಇಟ್ಟು ನೋಡಿ. ಎಲ್ಲಾದರೂ ಬಟ್ಟೆ ಸಿಕ್ಕಿಕೊಂಡರೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಗೊತ್ತಾಗುತ್ತದೆ.